ಹಳೇ ಡಿಸ್ಕ್ ಇಮೇಜ್ ವರ್ಚುವಲ್‌ಬಾಕ್ಸ್‌ನಲ್ಲಿ ಬೂಟ್ ಆಗುತ್ತಿಲ್ಲ

ಹಳೇಡಬ್ಬ: ಲ್ಯಾಪ್‌ಟಾಪ್ ಕೈಕೊಡುವ ಮೊದಲು ಅದರ 120 ಜಿಬಿ ಡಿಸ್ಕನ್ನು ಡಿಡಿ ಕಮಾಂಡಿನಲ್ಲಿ ಇಡಿಯಾಗಿ ಇಮೇಜ್ (ಒಂದೇ ಫೈಲಿನಲ್ಲಿ ಪೂರ್ತಿ ನಕಲು) ಮಾಡಿಟ್ಟಿದ್ದೆ. ಒಳಗೆ ಡೆಬಿಯನ್ 12 ಲಿನಕ್ಸ್. ಈಗ ವರ್ಚುವಲ್‌ಬಾಕ್ಸ್‌ನ ವಿಡಿಐ ಡಿಸ್ಕ್ ಫೈಲಾಗಿ ಕನ್ವರ್ಟ್ ಮಾಡಿ ಹೊಸ ವಿಎಂಗೆ (ಸಾಫ್ಟ್‌ವೇರಿನಲ್ಲೇ ಓಡುವ ಕಂಪ್ಯೂಟರಿಗೆ) ಸಿಕ್ಕಿಸಿದೆ. ಆನ್ ಮಾಡಿದರೆ ಕಪ್ಪು ಪರದೆ, 'ನೋ ಬೂಟಬಲ್ ಮೀಡಿಯಂ ಫೌಂಡ್'. ಇಮೇಜೇ ಹಾಳಾಗಿದೆಯಾ? ಮೂಲ ಡಿಸ್ಕ್ ಈಗ ನನ್ನ ಹತ್ತಿರ ಇಲ್ಲ.

ಬೂಟುಗಾಲು: ಗಾಬರಿ ಬೇಡ. ಡಿಡಿ ಫೈಲಿನ ಮೇಲೆ ಎಫ್‌ಡಿಸ್ಕ್ -ಎಲ್ ಓಡಿಸಿ. ಅದು ಡಿಸ್ಕಿನ ಭಾಗಗಳ ಪಟ್ಟಿಯನ್ನು ಸುಮ್ನೆ ಓದುತ್ತದೆ, ಏನೂ ಬರೆಯುವುದಿಲ್ಲ.

ಹಳೇಡಬ್ಬ: ಜಿಪಿಟಿ (ಭಾಗಗಳ ಪಟ್ಟಿಯ ಒಂದು ಮಾದರಿ) ಅಂತಿದೆ. ಮೊದಲು 512 ಎಂಬಿಯ 'ಇಎಫ್‌ಐ ಸಿಸ್ಟಮ್', ಆಮೇಲೆ ಲಿನಕ್ಸ್, ಕೊನೆಗೆ ಸ್ವಾಪ್.

ಬೂಟುಗಾಲು: ಸಿಕ್ಕಿತು ನೋಡಿ. ಲ್ಯಾಪ್‌ಟಾಪ್ ಯುಇಎಫ್‌ಐನಲ್ಲಿ (ಕಂಪ್ಯೂಟರನ್ನು ಎಬ್ಬಿಸುವ ಹೊಸ ಬಗೆಯ ಫರ್ಮ್‌ವೇರ್; ಬಯಾಸ್ ಅದರ ಹಿಂದಿನದು) ಬೂಟ್ ಆಗುತ್ತಿತ್ತು, ನಿಮ್ಮ ವಿಎಂ ಹಳೇ ಬಯಾಸ್‌ನಲ್ಲಿದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಇಎಫ್‌ಐಗೆ ಟಿಕ್ ಹಾಕಿ.

ಹಳೇಡಬ್ಬ: ಹಾಕಿದೆ. ಈಗ ಹಳದಿ ಅಕ್ಷರದಲ್ಲಿ 'ಶೆಲ್>' ಅಂತ ಬಂದು ಕೂತಿದೆ. ಮೊದಲಿದ್ದದ್ದೇ ವಾಸಿ ಅನ್ನಿಸ್ತಿದೆ!

ಬೂಟುಗಾಲು: ಇಲ್ಲ, ಬಾಗಿಲವರೆಗೆ ಬಂದಿದ್ದೀರಿ. ಅದು ಯುಇಎಫ್‌ಐನ ಕಮಾಂಡ್ ಪರದೆ. ಬೂಟ್ ಲೋಡರ್ (ಓಎಸ್ ಎತ್ತಿಕೊಡುವ ಪ್ರೋಗ್ರಾಂ) ಯಾವ ಫೈಲು ಅನ್ನುವ ವಿಳಾಸ ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ಅಳಿಯದ ಚಿಕ್ಕ ಮೆಮೊರಿಯಾದ ಎನ್‌ವಿರ‍್ಯಾಮ್‌ನಲ್ಲಿ ಇರುತ್ತದೆ. ನೀವು ಡಿಸ್ಕ್ ತಂದಿರಿ, ವಿಳಾಸ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ವಿಳಾಸ ಸಿಗದಿದ್ದರೆ ಯುಇಎಫ್‌ಐ \ಇಎಫ್‌ಐ\ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಇದೆಯಾ ಅಂತ ನೋಡುತ್ತದೆ. ಡೆಬಿಯನ್ ಸಾಮಾನ್ಯವಾಗಿ ಅಲ್ಲಿ ಏನೂ ಇಡುವುದಿಲ್ಲ, ಎಲ್ಲ ತನ್ನ ಹೆಸರಿನ ಫೋಲ್ಡರಿನಲ್ಲೇ. ಇದಕ್ಕೆ ನಾನೂ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಶೆಲ್‌ನಲ್ಲಿ 'ಎಫ್‌ಎಸ್0:' ಬರೆದು ಎಂಟರ್ ಒತ್ತಿ. ಆಮೇಲೆ \ಇಎಫ್‌ಐ\ಡೆಬಿಯನ್\ಗ್ರಬ್‌ಎಕ್ಸ್64.ಇಎಫ್‌ಐ (ಗ್ರಬ್ ಅಂದರೆ ಡೆಬಿಯನ್‌ನ ಬೂಟ್ ಲೋಡರ್). ಒಳಗೆ ಹೋದ ಮೇಲೆ ರೂಟ್ ಆಗಿ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಇಎಫ್‌ಐ-ಎಎಂಡಿ64 ಕೊಡಿ. ನಡುವೆ 'ರಿಮೂವಬಲ್ ಮೀಡಿಯಾ ಪಾತ್' (ಮೇಲೆ ಹೇಳಿದ \ಇಎಫ್‌ಐ\ಬೂಟ್ ಜಾಗ) ಬಗ್ಗೆ ಕೇಳುತ್ತದೆ. ಅದಕ್ಕೆ ಯೆಸ್ ಅನ್ನಲೇಬೇಕು, ಇಲ್ಲದಿದ್ದರೆ ವಿಎಂ ಬದಲಿಸಿದಾಗ ಮತ್ತೆ ಇದೇ ಶೆಲ್ ಎದುರಾಗಬಹುದು.

ಹಳೇಡಬ್ಬ: ಗ್ರಬ್ ಮೆನು ಬಂತು! ಎರಡು ಸಲ ರೀಬೂಟ್ ಮಾಡಿದೆ, ಶೆಲ್ ಕಾಟ ಇಲ್ಲ. ನೆಟ್ ಮಾತ್ರ ಬರುತ್ತಿಲ್ಲ.

ಬೂಟುಗಾಲು: ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿರುತ್ತದೆ. 'ಐಪಿ ಎ' ಕೊಟ್ಟು ಹೊಸ ಹೆಸರು ನೋಡಿ. ಅದನ್ನೇ /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಫೈಲಿನಲ್ಲಿ ಹಳೇ ಹೆಸರಿನ ಜಾಗಕ್ಕೆ ಹಾಕಿ.

ಹಳೇಡಬ್ಬ: ಇಎನ್‌ಪಿ0ಎಸ್3 ಅಂತಿತ್ತು. ಹಾಕಿದೆ, ಬಂತು. ಡಿಡಿ ಫೈಲ್ ಜಾಗ ಜಾಸ್ತಿ ತಿನ್ನುತ್ತಿದೆ, ಅಳಿಸಲಾ?

ಬೂಟುಗಾಲು: ಬೇಡ ಮಾರಾಯ್ರೇ! ಡಿಸ್ಕ್ ಹೋಗಿದೆ ಅಂದವರು ನೀವೇ ಅಲ್ವಾ?