ಹಸಿರು ಪರದೆ: ಗಿಳಿಗೊಂಬೆಯಲ್ಲಿ ತೂತು, ನರೆಗೂದಲಲ್ಲಿ ಹಸಿರು

ಕೊಪ್ಪಳದ ಶಿಕ್ಷಕರೊಬ್ಬರ ಪ್ರಶ್ನೆ:

ಕಿನ್ನಾಳ ಗೊಂಬೆ ಮಾಡುವ ಹಿರಿಯರೊಬ್ಬರನ್ನು ಶಾಲೆಯ ಕೋಣೆಯಲ್ಲಿ ಹಸಿರು ಪರದೆಯ ಮುಂದೆ ಕೂರಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿದ್ದೇನೆ. ಹಿನ್ನೆಲೆಗೆ ಅವರ ಮನೆಯ ಕೆಂಪು ಗೋಡೆಯ ಚಿತ್ರವನ್ನು ಸೇರಿಸಬೇಕಾಗಿದೆ. ವಿಡಿಯೊ ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ, ಪರದೆಯ ಹಸಿರನ್ನು ಅಳಿಸುವ (ಅಂದರೆ ‘ಕೀ’ ಮಾಡುವ) ಡೆಲ್ಟಾ ಕೀಯರ್ ಬಳಸಿದರೆ ಪರದೆಯ ಎಡಭಾಗ ಪೂರ್ತಿ ಅಳಿಯದೆ ಚುಕ್ಕಿಚುಕ್ಕಿಯಾಗಿ ಮಿನುಗುತ್ತದೆ. ಅದನ್ನು ಅಳಿಸಲು ಹೋದರೆ ಅವರ ಕೈಯಲ್ಲಿರುವ ಗಿಳಿಗೊಂಬೆಗೆ ತೂತು ಬೀಳುತ್ತದೆ. ನರೆಗೂದಲು ಮತ್ತು ಬಿಳಿ ಅಂಗಿಯ ಅಂಚಿನಲ್ಲಿ ಹಸಿರು ಹಾಗೆಯೇ ಉಳಿಯುತ್ತದೆ. ಹಿರಿಯರನ್ನು ಮತ್ತೊಮ್ಮೆ ಕರೆತರುವುದು ಕಷ್ಟ. ಅನುಭವವುಳ್ಳವರು ದಾರಿ ತೋರಿಸಬೇಕು.

ಬಳ್ಳಾರಿಯಿಂದ:

ಗುರುಗಳೇ, ಮದುವೆ ವಿಡಿಯೊಗಳ ಎಡಿಟಿಂಗ್ ನನ್ನ ಕಸುಬು. ನೀವು ಹೇಳಿದ ಮೂರೂ ಕಾಟಗಳನ್ನು ನಾನು ಅನುಭವಿಸಿದ್ದೇನೆ. ಇವು ಮೂರು ಬೇರೆ ಬೇರೆ ದೋಷಗಳಾಗಿದ್ದು, ಎಲ್ಲವನ್ನೂ ಒಂದೇ ಸ್ಲೈಡರಿನಿಂದ ಸರಿಪಡಿಸಲು ಹೊರಟಿದ್ದರಿಂದಲೇ ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತಿದೆ. ಬಣ್ಣದ ಚಿತ್ರವನ್ನು ಸದ್ಯಕ್ಕೆ ಬದಿಗಿಟ್ಟು, ಕೀಯರ್‌ನ ನೋಟವನ್ನು ಮ್ಯಾಟ್‌ಗೆ ಬದಲಾಯಿಸಿಕೊಳ್ಳಿ. ಅಲ್ಲಿ ಉಳಿಯಬೇಕಾದದ್ದು ಬಿಳಿಯಾಗಿ, ಹೋಗಬೇಕಾದದ್ದು ಕಪ್ಪಾಗಿ, ಕೂದಲಿನಂಥ ಅರೆಪಾರದರ್ಶಕ ಅಂಚು ಬೂದಾಗಿ ಕಾಣಬೇಕು. ಬಣ್ಣದಲ್ಲಿ ಗಂಟೆಗಟ್ಟಲೆ ಹುಡುಕಿದರೂ ಸಿಗದ ತಪ್ಪು ಈ ಕಪ್ಪು ಬಿಳುಪಿನಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.

ಎಡಭಾಗದ ಮಿನುಗಿಗೆ ಬೆಳಕಿನ ಕೊರತೆಯೇ ಕಾರಣವಿರಬೇಕು. ಕಿಟಕಿ ಬಲಕ್ಕಿದ್ದರೆ, ಎಡಕ್ಕೆ ಹೋದಂತೆಲ್ಲ ಬಟ್ಟೆ ಮಬ್ಬಾಗುತ್ತದೆ. ಮಬ್ಬಾದ ಕಡೆ ಮೊಬೈಲಿನ ಸೆನ್ಸರ್ ಹಸಿರಿನೊಂದಿಗೆ ನಾಯ್ಸನ್ನೂ (ಬೇಡದ ಬಣ್ಣದ ಕಾಳುಗಳನ್ನೂ) ದಾಖಲಿಸುತ್ತದೆ, ಮತ್ತು ಆ ನಾಯ್ಸ್ ಪ್ರತಿ ಫ್ರೇಮಿನಲ್ಲಿಯೂ ಬದಲಾಗುವುದರಿಂದ ಮಿನುಗಿದಂತೆ ತೋರುತ್ತದೆ. ಹಿರಿಯರ ಕೈ ಅಷ್ಟು ದೂರ ಚಾಚುವುದೇ ಇಲ್ಲವಾದರೆ ಆ ಭಾಗವನ್ನು ಕೀ ಮಾಡುವ ಗೊಡವೆಯೇ ಬೇಡ. ಬೇಕಾದ ಆಕಾರಕ್ಕೆ ಗೆರೆ ಎಳೆಯುವ ಪಾಲಿಗನ್‌ನಿಂದ ಆ ಜಾಗವನ್ನು ಸುತ್ತುವರಿದು, ಕೀಯರ್‌ನ ಗಾರ್ಬೇಜ್ ಮ್ಯಾಟ್‌ಗೆ ಜೋಡಿಸಿದರೆ ಅಷ್ಟೂ ಒಮ್ಮೆಗೇ ಮಾಯವಾಗುತ್ತದೆ. ಆ ನಂತರ ಥ್ರೆಶೋಲ್ಡನ್ನು (ಮ್ಯಾಟ್‌ನ ಬೂದನ್ನು ಪೂರ್ತಿ ಕಪ್ಪು ಇಲ್ಲವೇ ಬಿಳಿ ಮಾಡುವ ಮಿತಿಯನ್ನು) ಬಹಳ ಒತ್ತಬೇಕಾಗುವುದಿಲ್ಲ.

ಗಿಳಿಯದು ಬೇರೆ ಕಥೆ. ನಮ್ಮ ಕಡೆ ಮದುಮಗಳ ಕೈತುಂಬ ಹಸಿರು ಗಾಜಿನ ಬಳೆ ಇರುತ್ತವೆಯಲ್ಲವೇ? ಕಸುಬಿನ ಆರಂಭದ ದಿನಗಳಲ್ಲಿ ನಾನು ಅದನ್ನು ಮರೆತು ಹಸಿರು ಪರದೆ ಕಟ್ಟಿದ್ದೆ. ಮೊಣಕೈಗೂ ಅಂಗೈಗೂ ನಡುವೆ ಏನೂ ಇಲ್ಲದ ಮದುಮಗಳನ್ನು ಕಂಡು ಅವಳ ಸೋದರಮಾವ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಂದಿನಿಂದ ನೀಲಿ ಬಟ್ಟೆಯೊಂದು ನನ್ನ ಚೀಲದಲ್ಲಿಯೇ ಇದೆ. ನಿಮ್ಮದು ಈಗಾಗಲೇ ಚಿತ್ರೀಕರಣವಾಗಿರುವುದರಿಂದ, ಗಿಳಿಯ ಆಕಾರಕ್ಕೆ ಇನ್ನೊಂದು ಪಾಲಿಗನ್ ಎಳೆದು ಸಾಲಿಡ್ ಮ್ಯಾಟ್‌ಗೆ ಜೋಡಿಸಿ; ತೂತು ಮುಚ್ಚುತ್ತದೆ.

ರಾಯಚೂರಿನಿಂದ:

ಬಳ್ಳಾರಿಯ ಅಣ್ಣನವರು ಹೇಳಿದ ಗಾರ್ಬೇಜ್ ಮ್ಯಾಟ್ ಸರಿ, ಸಾಲಿಡ್ ಮ್ಯಾಟ್ ಅರ್ಧ ಸರಿ. ತೂತೇನೋ ಮುಚ್ಚುತ್ತದೆ, ಆದರೆ ಅಂಗಿಯ ಹಸಿರನ್ನು ತೆಗೆಯಲು ಸ್ಪಿಲ್ ಸಪ್ರೆಶನ್ (ಪರದೆಯಿಂದ ಚೆಲ್ಲಿದ ಹಸಿರನ್ನು, ಅಂದರೆ ಸ್ಪಿಲ್ಲನ್ನು, ತಗ್ಗಿಸುವ ಸೌಲಭ್ಯ) ಹಾಕಿದ ಕೂಡಲೇ ಗಿಳಿಯ ಹಸಿರೂ ಬಾಡಿಹೋಗುತ್ತದೆ. ನಾನು ಪಾಠದ ವಿಡಿಯೊಗಳಲ್ಲಿ ಎಲೆಗಳನ್ನು ತೋರಿಸುವಾಗ ಮೂಲ ಚಿತ್ರದ ಇನ್ನೊಂದು ಪ್ರತಿಯನ್ನು ಕೀ ಮಾಡದೆ ಮೇಲಿನ ಪದರದಲ್ಲಿಟ್ಟು, ಎಲೆಯಷ್ಟನ್ನು ಮಾತ್ರ ಮಾಸ್ಕ್ ಮಾಡಿ ಉಳಿಸಿಕೊಳ್ಳುತ್ತೇನೆ. ಗಿಳಿಯ ಅಂಚೇ ಹಸಿರಾಗಿರುವುದರಿಂದ ಮಾಸ್ಕನ್ನು ಅಂಚಿಗೆ ತಾಗಿಸಿ ಎಳೆಯಬೇಕು ಮತ್ತು ಕೈ ಅಲುಗಿದಾಗಲೆಲ್ಲ ಕೀಫ್ರೇಮ್ ಹಾಕಿ ಮಾಸ್ಕನ್ನು ಹೊಸ ಜಾಗಕ್ಕೆ ಸರಿಸಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ನರೆಗೂದಲಿನ ವಿಷಯದಲ್ಲಿ ಎರಡು ಮಾತು. ಬಿಳಿಯದು ಎದುರಿಗೆ ಬಂದ ಬಣ್ಣವನ್ನೆಲ್ಲ ಹೊದ್ದುಕೊಳ್ಳುತ್ತದೆ. ಪರದೆಗೂ ವ್ಯಕ್ತಿಗೂ ಆರೆಂಟು ಅಡಿ ಅಂತರವಿದ್ದಿದ್ದರೆ ಈ ತೊಂದರೆ ಬಹುಪಾಲು ಇರುತ್ತಲೇ ಇರಲಿಲ್ಲ. ಈಗ ಉಳಿದಿರುವುದು ಕೀಯರ್‌ನ ಫ್ರಿಂಜ್ (ಅಂಚು) ವಿಭಾಗದಲ್ಲಿ ಸ್ಪಿಲ್ಲನ್ನು ತಗ್ಗಿಸುವುದು. ಅತಿಯಾದರೆ ಕೂದಲು ನೇರಳೆಗೆ ತಿರುಗುತ್ತದೆ, ಅಲ್ಲಿಗೆ ನಿಲ್ಲಿಸಿ. ಇನ್ನೊಂದು, ಮೊಬೈಲುಗಳು ಸಾಮಾನ್ಯವಾಗಿ 4:2:0 ಪದ್ಧತಿಯಲ್ಲಿ ದಾಖಲಿಸುತ್ತವೆ. ಅಂದರೆ 1920×1080ರ ಚಿತ್ರದಲ್ಲಿ ಬಣ್ಣದ ವಿವರ ಇರುವುದು 960×540ರಷ್ಟು ಮಾತ್ರ. ಕೀಯರ್ ಕತ್ತರಿಸುವುದು ಬಣ್ಣವನ್ನು ನೋಡಿಕೊಂಡೇ ಆದ್ದರಿಂದ ಕೂದಲಿನ ಎಳೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ನೀವು 3840×2160ರಲ್ಲಿ ಚಿತ್ರೀಕರಿಸಿದ್ದರೆ ಮೊದಲು ಆ ಅಳತೆಯಲ್ಲಿಯೇ ಕೀ ಮಾಡಿ, ನಂತರ 1920×1080ಕ್ಕೆ ಕುಗ್ಗಿಸಿ. ಅಂಚನ್ನು ಇರೋಡ್ ಮಾಡಿ ಒಳಕ್ಕೆ ಕೊರೆಯುವವರೂ ಇದ್ದಾರೆ. ಅದರಿಂದ ಹಸಿರು ಹೋಗುವುದು ನಿಜ, ಅದರೊಂದಿಗೆ ಕೂದಲೂ ಹೋಗಿ ಹಿರಿಯರು ತಲೆಗೆ ಟೋಪಿ ಇಟ್ಟಂತೆ ಕಾಣುತ್ತಾರೆ.

ಹಾಗೆಯೇ ಕೆಂಪು ಗೋಡೆಯ ಹಟವನ್ನು ಬಿಡಬಹುದೇ ಯೋಚಿಸಿ. ಬೇವಿನ ಮರದ ನೆರಳಿನಂಥ ಹಿನ್ನೆಲೆಯ ಮುಂದೆ ಅಂಚಿನ ಅಲ್ಪ ಹಸಿರು ಸಹಜವಾಗಿಯೇ ಕಾಣುತ್ತದೆ. ಕೆಂಪಿನ ಮುಂದೆ ಅದು ಚೀರುತ್ತದೆ.

ಗಂಗಾವತಿಯಿಂದ:

ಒಂದೇ ಎಚ್ಚರಿಕೆ. ಕೀಯರ್‌ಗೂ ಹಿನ್ನೆಲೆಯನ್ನು ಸೇರಿಸುವ ಮರ್ಜ್‌ಗೂ ನಡುವೆ ಬಣ್ಣ ತಿದ್ದುವ ಕಲರ್ ಕರೆಕ್ಟರ್ ಇಟ್ಟರೆ ಅದರಲ್ಲಿ ‘ಪ್ರೀ-ಡಿವೈಡ್/ಪೋಸ್ಟ್-ಮಲ್ಟಿಪ್ಲೈ’ ಎಂಬ ಆಯ್ಕೆಗೆ ಗುರುತು ಹಾಕಿರಿ. ಇಲ್ಲದಿದ್ದರೆ ಅಂಚಿನಲ್ಲಿ ಹೊಸದೊಂದು ಗೆರೆ ಹುಟ್ಟಿಕೊಳ್ಳುತ್ತದೆ, ಅದು ಕೀಯಿಂಗ್‌ನ ದೋಷವೆಂದು ತಿಳಿದು ನಾನು ಎರಡು ದಿನ ಕಳೆದಿದ್ದೇನೆ.

ಕೇಳಿದವರಿಂದ, ನಾಲ್ಕು ದಿನಗಳ ನಂತರ:

ಎಲ್ಲರಿಗೂ ವಂದನೆಗಳು. ಕಿಟಕಿ ಬಲಕ್ಕೇ ಇತ್ತು. ಗಾರ್ಬೇಜ್ ಮ್ಯಾಟ್ ಹಾಕಿದ ಮೇಲೆ ಮಿನುಗು ಪೂರ್ತಿ ಹೋಯಿತು. ಚಿತ್ರೀಕರಣ 3840×2160ರಲ್ಲಿಯೇ ಆಗಿದ್ದರಿಂದ ಕೂದಲು ಒಪ್ಪುವಂತಾಗಿದೆ, ಹಿನ್ನೆಲೆಗೆ ಶಾಲೆಯ ಅಂಗಳದ ಬೇವನ್ನೇ ಬಳಸಿದ್ದೇನೆ. ಗಿಳಿಯನ್ನು ರಾಯಚೂರಿನವರ ರೀತಿಯಲ್ಲಿ ಮೇಲಿನ ಪದರದಲ್ಲಿಟ್ಟೆ. ಹಿರಿಯರು ಅದನ್ನು ಸರ್ರನೆ ತಿರುಗಿಸುವ ಎರಡು ಸೆಕೆಂಡುಗಳಲ್ಲಿ ಮಾತ್ರ ಚಲನೆಯ ಮಸುಕಿನಿಂದಾಗಿ ಬಾಲದ ಅಂಚೂ ಪರದೆಯೂ ಒಂದೇ ಆಗಿ, ಮಾಸ್ಕ್ ಎಲ್ಲಿ ಎಳೆಯಬೇಕೆಂಬುದೇ ತಿಳಿಯಲಿಲ್ಲ. ಅಷ್ಟನ್ನು ತೆಗೆದು, ಅವರ ಮನೆಯಂಗಳದಲ್ಲಿ ಮೊದಲೇ ಪರದೆಯಿಲ್ಲದೆ ತೆಗೆದಿದ್ದ, ಬರೀ ಕೈ ಮತ್ತು ಕುಂಚ ಕಾಣುವ ತುಣುಕನ್ನು ಸೇರಿಸಿದ್ದೇನೆ.