ಧೂಳಿನ ಚಿತ್ರದ ಕೆಳಗಿನ ಸಾಲು

ಮಂಗಳೂರಿನ ಕಾಲೇಜೊಂದರ 1986ರ ಬಿ.ಎ. ತಂಡದ ವಾಟ್ಸಾಪ್ ಗುಂಪು. ಕನ್ನಡ ಲಿಪಿಯಲ್ಲಿಯೇ ಬರೆಯಬೇಕು, ಅರ್ಧಕ್ಕೆ ನಿಲ್ಲಿಸಬಾರದು ಎಂಬುದು ಅಡ್ಮಿನ್ ಹಾಕಿದ ನಿಯಮ. ಕಳೆದ ಭಾನುವಾರದ ಮಾತುಕತೆ ಇಲ್ಲಿದೆ.

ಬ್ಯಾಂಕಿನವರು: ಎಲ್ಲರಿಗೂ ಶುಭೋದಯ. ಮೇಲಿನದು ನಮ್ಮೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಸಮಾಧಿಯ ಚಿತ್ರ. ತನ್ನ ಶಾಲೆಯಲ್ಲಿ ಓದಿದ ದಲಿತ ಮಗು ಮುಂದೆ ದೊಡ್ಡ ಹುದ್ದೆಗೇರಿ ನಮ್ಮೂರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆಗ ಎದ್ದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬ ಅವರ ಆಸೆಯನ್ನು ನಾವೆಲ್ಲ ಕೇಳಿ ಬೆಳೆದವರು. ಚಿತ್ರದ ಕೆಳಗೆ ಯಾರೋ ಸೇರಿಸಿರುವ ಸಾಲು ನನಗೆ ಬಹಳ ಹಿಡಿಸಿತು: ಮೊದಲು ಒಳಗಿನ ಶಾಂತಿ, ಆಮೇಲೆ ಸೇವೆ, ಹೋರಾಟವೆಂಬುದು ಅಹಂಕಾರದ ಕೂಸು.

ವಕೀಲರು: ಚಿತ್ರಕ್ಕೆ ನಮಸ್ಕಾರ, ಆದರೆ ಆ ಸಾಲಿಗೆ ನನ್ನ ಆಕ್ಷೇಪವಿದೆ. ರಂಗರಾಯರು ಧೂಳನ್ನು ಬೇಡಿದವರು. ಈ ಸಾಲನ್ನು ಬರೆದವರು ಧೂಳು ತಮ್ಮ ಮೈಗೆ ತಾಗದಿರಲಿ ಎನ್ನುವವರು. ಒಬ್ಬರ ಸಮಾಧಿಯ ಕೆಳಗೆ ಅವರ ಬದುಕಿಗೆ ವಿರುದ್ಧವಾದ ಮಾತನ್ನು ಅಂಟಿಸಿ ಊರಿಗೆಲ್ಲ ಹಂಚುವುದು ಸರಿಯೇ?

ಬ್ಯಾಂಕಿನವರು: ವಿರುದ್ಧ ಹೇಗಾಗುತ್ತದೆ? 1927ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ಅಂದರೆ ಎಲ್ಲ ಸೇವೆಯೂ ಕೊನೆಗೆ ಅವರನ್ನು ಒಯ್ದದ್ದು ಅಂತರಂಗದ ಕಡೆಗೇ ಅಲ್ಲವೇ? ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷ ಯೂನಿಯನ್ ಕೆಲಸ ಮಾಡಿದವನು ನಾನು. ನ್ಯಾಯವಾದ ಬೇಡಿಕೆಗಳನ್ನು ಇಟ್ಟುಕೊಂಡೇ ಹೊರಟೆವು; ಕೊನೆಕೊನೆಗೆ ಬೇಡಿಕೆ ಮರೆತುಹೋಗಿ ಎದುರಿನವನನ್ನು ಸೋಲಿಸುವುದೊಂದೇ ಉಳಿಯಿತು. ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೂ ಅದೇ ಸಿಡುಕು. ಈಗ ಬೆಳಿಗ್ಗೆ ಒಂದು ಗಂಟೆ ಧ್ಯಾನಕ್ಕೆ ಕೂರುತ್ತೇನೆ. ಆ ಒಂದು ಗಂಟೆ ಆಗ ಇದ್ದಿದ್ದರೆ ನಾನು ಒಳ್ಳೆಯ ಹೋರಾಟಗಾರನಾಗಿರುತ್ತಿದ್ದೆ.

ವಕೀಲರು: ನಿಮ್ಮ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಿಮ್ಮ ಕೊನೆಯ ವಾಕ್ಯವೇ ಆ ಚಿತ್ರದ ಸಾಲನ್ನು ಒಪ್ಪುವುದಿಲ್ಲ, ನೋಡಿ. ಇನ್ನು ಕಾಲಾನುಕ್ರಮಕ್ಕೆ ಬನ್ನಿ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿಗೆ ಬಂದು ವಕೀಲಿಕೆ ಹಿಡಿದ ಈ ಸಾರಸ್ವತ ಬ್ರಾಹ್ಮಣರು ದಲಿತ ಮಕ್ಕಳಿಗೆಂದು ಉರ್ವದ ಚಿಲಿಂಬಿಯಲ್ಲಿ ಮೊದಲ ಶಾಲೆಯನ್ನು ತೆರೆದದ್ದು 1892ರಲ್ಲಿ. ದಲಿತರ ಏಳಿಗೆಗಾಗಿ ಅವರು ಕಟ್ಟಿದ ಸಂಸ್ಥೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾದದ್ದು 1897ರಲ್ಲಿ. ಸಂನ್ಯಾಸ ಬಂದದ್ದು ಅದಕ್ಕೆ ಮೂವತ್ತು ವರ್ಷಗಳ ಬಳಿಕ, ಮರುವರ್ಷದ ಜನವರಿ 30ರಂದು ಅವರು ತೀರಿಕೊಂಡರು. ಮೊದಲು ಶಾಂತಿ, ಆಮೇಲೆ ಸೇವೆ ಎಂದು ಅವರು ಕಾದು ಕುಳಿತಿದ್ದರೆ ಆ ಶಾಲೆಗಳು ಇರುತ್ತಿರಲಿಲ್ಲ.

ಮಸ್ಕತ್: ನನಗೊಂದು ಸಂಶಯ. ರಂಗರಾಯರು ಯಾವ ಬೀದಿಗೆ ಇಳಿದಿದ್ದರು? ಶಾಲೆ ತೆರೆದರು, ಊಟ ಕೊಟ್ಟರು, ನೇಯ್ಗೆ, ಬಡಗಿ ಕೆಲಸ ಕಲಿಸಿದರು. ಇದು ಸೇವೆ. ಹೋರಾಟ ಬೇರೆ. ಗಾಂಧೀಜಿಯವರೂ ಮಂಗಳೂರಿಗೆ ಬಂದಾಗ ಇವರನ್ನು ಭೇಟಿಯಾಗಿ ಈ ಸೇವೆಯನ್ನೇ ಮೆಚ್ಚಿದರೆಂದು ಕೇಳಿದ್ದೇನೆ.

ವಕೀಲರು: ಗಾಂಧೀಜಿ ಮಿಷನ್‌ಗೆ ಬಂದದ್ದು 1934ರಲ್ಲಿ. ಅಷ್ಟು ಹೊತ್ತಿಗೆ ರಂಗರಾಯರು ಹೋಗಿ ಆರು ವರ್ಷಗಳಾಗಿದ್ದವು.

ಡಾಕ್ಟರಮ್ಮ: ಮಸ್ಕತ್‌ನವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಯಾರ ನೆರಳು ಬಿದ್ದರೂ ಮೈಲಿಗೆಯೆಂದು ಊರು ನಂಬಿತ್ತೋ ಆ ಮಕ್ಕಳನ್ನು ಹಲಗೆ ಬಳಪ ಕೊಟ್ಟು ಕೂರಿಸುವುದು 1892ರಲ್ಲಿ ಸೌಮ್ಯವಾದ ಕೆಲಸವಾಗಿರಲಿಲ್ಲ. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಸುತ್ತಲಿನವರ ವಿರೋಧ ತಾಳಲಾರದೆ ಶಾಲೆಯ ಜಾಗವನ್ನೇ ಬದಲಿಸಬೇಕಾಯಿತು. ಮಗಳು ರಾಧಾಬಾಯಿಯವರ ಮದುವೆ ಜಾತಿಯನ್ನೂ ಭಾಷೆಯನ್ನೂ ದಾಟಿ, ಮುಂದೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ತನ್ನ ಹೆಣವನ್ನು ದಲಿತರೇ ಹೊರಬೇಕೆಂದು ಅವರು ಕೊನೆಯಾಸೆ ಹೇಳಿಟ್ಟರು. ಕೈಯಲ್ಲಿ ಭಿತ್ತಿಪತ್ರ ಇರಲಿಲ್ಲವೆಂದು ಇದು ಹೋರಾಟವಲ್ಲ ಎನ್ನುವುದಾದರೆ, ಹೋರಾಟ ಎಂಬ ಮಾತನ್ನು ನಾವು ತೀರ ಕಿರಿದು ಮಾಡಿಬಿಟ್ಟಿದ್ದೇವೆ ಎಂದಾಯಿತು.

ಬ್ಯಾಂಕಿನವರು: ಇಷ್ಟೆಲ್ಲ ಅವಮಾನವನ್ನು ನುಂಗಿಕೊಂಡು ನಿಲ್ಲುವ ಶಕ್ತಿ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ವಕೀಲರು: ಇದು ಒಳ್ಳೆಯ ಪ್ರಶ್ನೆ, ಇಲ್ಲಿ ನಿಮ್ಮ ಪಕ್ಷದಲ್ಲಿ ಹುರುಳಿದೆ. ರಂಗರಾಯರು ಬ್ರಹ್ಮಸಮಾಜದವರು, ಅಂದರೆ ಬಂಗಾಳದಲ್ಲಿ ಹುಟ್ಟಿದ, ಒಬ್ಬನೇ ದೇವರನ್ನು ನಂಬುವ ಸುಧಾರಣಾ ಪಂಥದವರು. ಉಪಾಸನೆ ಅವರ ಬದುಕಿನಲ್ಲಿ ಮುಪ್ಪಿನಲ್ಲಿ ಬಂದು ಸೇರಿಕೊಂಡದ್ದಲ್ಲ. ಆದರೆ ಆ ಸಮಾಜ ಉಪಾಸನೆಯೆಂದು ಯಾವುದನ್ನು ಕರೆಯಿತು? ಅದರ ನಾಯಕರಾಗಿದ್ದ ದೇವೇಂದ್ರನಾಥ ಠಾಕೂರರು ಕೊಟ್ಟ ಬೀಜವಾಕ್ಯ ಹೀಗಿದೆ: ತಸ್ಮಿನ್ ಪ್ರೀತಿಸ್ತಸ್ಯ ಪ್ರಿಯಕಾರ್ಯಸಾಧನಂ ಚ ತದುಪಾಸನಮೇವ. ಅವನಲ್ಲಿ, ಅಂದರೆ ದೇವರಲ್ಲಿ, ಪ್ರೀತಿ ಮತ್ತು ಅವನಿಗೆ ಪ್ರಿಯವಾದ ಕೆಲಸವನ್ನು ಮಾಡುವುದು, ಇವೇ ಅವನ ಉಪಾಸನೆ. ನಡುವೆ ಇರುವ ಆ ಒಂದಕ್ಷರ ‘ಚ’ವನ್ನು, ಅಂದರೆ ‘ಮತ್ತು’ ಎಂಬುದನ್ನು, ಗಮನಿಸಿ. ಮೊದಲು ಇದು, ಆಮೇಲೆ ಅದು ಎಂಬ ಕ್ರಮ ಅಲ್ಲಿಲ್ಲ. ಪ್ರೀತಿ ಪೂರ್ತಿಯಾದ ಮೇಲೆ ಕೆಲಸಕ್ಕೆ ಹೋಗು ಎಂದೂ ಇಲ್ಲ, ಕೆಲಸವಿದ್ದರೆ ಪ್ರೀತಿ ಬೇಡ ಎಂದೂ ಇಲ್ಲ. ನಮ್ಮ ಕಡೆಯ ನಾಸ್ತಿಕ ಮಿತ್ರರು ರಂಗರಾಯರ ಪ್ರಾರ್ಥನೆಯನ್ನು ಬಿಟ್ಟು ಶಾಲೆಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಅದೂ ಈ ‘ಚ’ವನ್ನು ಅಳಿಸಿದಂತೆಯೇ. ನಿಮ್ಮ ಚಿತ್ರದ ಸಾಲು ಮಾತ್ರ ಆ ‘ಚ’ವನ್ನು ಕಿತ್ತು ಅಲ್ಲಿ ಬಾಗಿಲು ಕೂರಿಸಿ, ಚಿಲಕವನ್ನೂ ಹಾಕಿದೆ.

ಅಡ್ಮಿನ್: ಸಂಸ್ಕೃತ ವಾಕ್ಯಕ್ಕೆ ಅರ್ಥ ಬರೆದದ್ದಕ್ಕೆ ವಕೀಲರಿಗೆ ಧನ್ಯವಾದ. ಈ ಹಿಂದೆ ಮೂರು ಬಾರಿ ಬರೆದಿರಲಿಲ್ಲ.

ಟೀಚರ್: ಬೆಳಿಗ್ಗೆಯಿಂದ ಓದುತ್ತಿದ್ದೇನೆ; ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನಮ್ಮ ಮನೆಗೆ ಅಕ್ಷರ ಬಂದದ್ದು ರಂಗರಾಯರ ಮಿಷನ್ ಶಾಲೆಯಿಂದ. ನನ್ನ ಅಜ್ಜಿಯ ತಂದೆ ಅಲ್ಲಿ ಓದಿದವರು. ಆದ್ದರಿಂದ ರಂಗರಾಯರ ಬಗ್ಗೆ ನನಗಿರುವ ಗೌರವವನ್ನು ನಾನು ಯಾರಿಗೂ ತೋರಿಸಿಕೊಡಬೇಕಾಗಿಲ್ಲ. ಆದರೆ ಈ ಇಡೀ ಚರ್ಚೆಯಲ್ಲಿ ಅಧ್ಯಾತ್ಮವೂ ಅವರದೇ, ಸೇವೆಯೂ ಅವರದೇ, ಬಹಿಷ್ಕಾರದ ನೋವೂ ಅವರದೇ. ಮಗುವನ್ನು ಕಳಿಸಿದವರು ಎಲ್ಲಿ ಹೋದರು? ಕೂಲಿಯ ಎರಡು ಕೈ ಕಡಿಮೆಯಾದರೂ ಸರಿ, ಒಡೆಯ ಬೈದರೂ ಸರಿ ಎಂದು ಹುಡುಗನ ಕೈ ಹಿಡಿದು ಶಾಲೆಯ ಮೆಟ್ಟಿಲವರೆಗೆ ನಡೆದ ತಾಯಿಯೊಳಗೆ ಏನಿತ್ತು? ಆಕೆ ನಂಬಿದ ಭೂತಕ್ಕೆ, ಅಂದರೆ ಮನೆದೈವಕ್ಕೆ, ಅಗೆಲು (ಎಡೆ) ಹಾಕಿ, ಕೈಮುಗಿದು, ಆಮೇಲೆ ಮಗನನ್ನು ಕಳಿಸಿದಳು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅದನ್ನು ಅಧ್ಯಾತ್ಮ ಎನ್ನಲು ನಮಗೆ ಯಾಕೆ ಬಾಯಿ ಬರುವುದಿಲ್ಲ?

ಇನ್ನೊಂದು ಮಾತು. ರಂಗರಾಯರು ಕಾವಿ ಉಟ್ಟ ಅದೇ 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ, ದಲಿತರನ್ನು ಮುಟ್ಟಗೊಡದಿದ್ದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ನೀರು ಕೇಳುವುದು ಅಹಂಕಾರವೇ? ಮುಂದೆ 1956ರಲ್ಲಿ ನಾಗಪುರದಲ್ಲಿ ಬೌದ್ಧ ಧಮ್ಮವನ್ನು ಸ್ವೀಕರಿಸಿದವರೂ ಅವರೇ. ಶಾಂತಿಯ ಮಾತನ್ನು ನಮಗೆ ಹೇಳುವವರು ಯಾವಾಗಲೂ ನೀರು ಕುಡಿದು ಬಂದವರೇ ಆಗಿರುತ್ತಾರೆ ಎಂಬುದು ನನ್ನ ಬಹಳ ದಿನಗಳ ಗಮನಿಕೆ.

ಮಸ್ಕತ್: ಟೀಚರ್, ನಾನು ಸೇವೆ ಬೇರೆ, ಹೋರಾಟ ಬೇರೆ ಎಂದು ಬರೆಯುವಾಗ ಕೊಡುವವರ ಕಡೆಯಿಂದ ಮಾತ್ರ ನೋಡಿದ್ದೆ. ಒಪ್ಪಿಕೊಳ್ಳುತ್ತೇನೆ.

ಬ್ಯಾಂಕಿನವರು: ಚಿತ್ರದ ಕೆಳಗಿನ ಸಾಲನ್ನು ಕತ್ತರಿಸಿ, ಸಮಾಧಿ ಮಾತ್ರ ಉಳಿಯುವಂತೆ ಮಾಡಿ ಮತ್ತೆ ಕಳಿಸಿದ್ದೇನೆ; ಮೊದಲು ಕಳಿಸಿದ ಇನ್ನೆರಡು ಗುಂಪುಗಳಿಗೂ ಕಳಿಸುತ್ತೇನೆ. ಧ್ಯಾನದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಬೆಳಿಗ್ಗೆಯ ಒಂದು ಗಂಟೆಯನ್ನು ನಾನು ಬಿಡುವವನೂ ಅಲ್ಲ. ಟೀಚರ್, ಮಗನನ್ನು ಶಾಲೆಗೆ ಕಳಿಸಿದ ಆ ತಾಯಿಯ ಹೆಸರು ನಿಮ್ಮ ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ?

ಟೀಚರ್: ಅಮ್ಮನನ್ನು ಕೇಳಿ ಸಂಜೆ ಹೇಳುತ್ತೇನೆ.