ಕೊಲೊರಾಡೊದ ಬಂದೂಕು ಕಾನೂನು: ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಆರೋರಾ ನಗರಕ್ಕೆ ಬಂದು ಎಂಟು ವರ್ಷಗಳಾದವು. ಹನ್ನೊಂದು ವರ್ಷದ ನನ್ನ ಮಗ ಆಟಕ್ಕೆ ಹೋಗುವ ಸ್ನೇಹಿತನ ಮನೆಯಲ್ಲಿ ಬಂದೂಕುಗಳಿವೆ ಎಂಬುದು ಮೊನ್ನೆ ತಿಳಿಯಿತು. ಆ ಮನೆಯವರು ಸಜ್ಜನರು, ಬೇಟೆಯ ಅಭ್ಯಾಸವಿರುವವರು. ಇಲ್ಲಿಯ ಕಾನೂನು ಬಹಳ ಬಿಗಿಯಾಗಿದೆ ಎಂದು ಕೆಲವರು, ಅದು ಕಾಗದದ ಮೇಲೆ ಮಾತ್ರ ಎಂದು ಕೆಲವರು ಹೇಳುತ್ತಾರೆ. ನಿಜವಾಗಿ ಏನು ಬದಲಾಗಿದೆ? ಮಗನನ್ನು ಕಳುಹಿಸುವ ಮುನ್ನ ಆ ಮನೆಯವರನ್ನು ನಾನು ಏನು ಕೇಳಬಹುದು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಬಂದೂಕುಗಳಿಗೆ ಬೀಗ ಹಾಕಿದ್ದಾರೆಯೇ, ಬೀಗದ ಕೈ ಮಕ್ಕಳಿಗೆ ಸಿಗದ ಜಾಗದಲ್ಲಿದೆಯೇ ಎಂದು ಸಂಕೋಚಪಡದೆ ಕೇಳಿ. ಮಕ್ಕಳ ಕೈಗೆ ಸಿಗುವ ಸಾಧ್ಯತೆ ಇರುವಲ್ಲಿ ಬಂದೂಕನ್ನು ಭದ್ರವಾಗಿ ಇಡದಿರುವುದು 2021ರ ಶಾಸನದ ಪ್ರಕಾರ ಶಿಕ್ಷಾರ್ಹ ಅಪರಾಧ. 2025ರ ಜನವರಿಯಿಂದ, ಯಾರೂ ಇಲ್ಲದ ಕಾರಿನಲ್ಲಿ ಬಿಟ್ಟುಹೋಗುವ ಪಿಸ್ತೂಲನ್ನೂ ಗಟ್ಟಿಯಾದ ಪೆಟ್ಟಿಗೆಯಲ್ಲಿ ಬೀಗ ಹಾಕಿಯೇ ಇಡಬೇಕು. ನನ್ನ ಅನುಭವದಲ್ಲಿ, ಬೇಟೆಯ ಮನೆತನದವರು ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದಿಲ್ಲ. ಎಷ್ಟೋ ಮಂದಿ ಕೇಳುವ ಮೊದಲೇ ಕಪಾಟನ್ನು ತೋರಿಸುತ್ತಾರೆ.

ಇನ್ನು ಬದಲಾವಣೆಯ ಮಾತು. 1999ರ ಏಪ್ರಿಲ್ 20ರಂದು ಕೊಲಂಬೈನ್ ಪ್ರೌಢಶಾಲೆಯಲ್ಲಿ ನಡೆದ ಹತ್ಯಾಕಾಂಡದ ನಂತರ, ಬಂದೂಕು ಮೇಳಗಳಲ್ಲಿ ಕೊಳ್ಳುವವರ ಹಿನ್ನೆಲೆಯನ್ನು ಪರಿಶೀಲಿಸಲೇಬೇಕೆಂಬ ಪ್ರಸ್ತಾವವು 2000ನೇ ಇಸವಿಯಲ್ಲಿ ಜನಮತಕ್ಕೆ ಬಂದಾಗ ಸುಮಾರು ಶೇಕಡಾ 70 ಮತದಾರರು ಅದನ್ನು ಒಪ್ಪಿದರು. ಅದೇ ಚುನಾವಣೆಯಲ್ಲಿ ರಾಜ್ಯವು ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಅಭ್ಯರ್ಥಿಯನ್ನು ಆರಿಸಿತ್ತೆಂಬುದನ್ನು ಗಮನಿಸಿ. ಅಂದರೆ ಇಲ್ಲಿಯ ಸಾಮಾನ್ಯ ಮತದಾರ ಅಂದೂ ಮಿತವಾದ ನಿಯಂತ್ರಣವನ್ನು ವಿರೋಧಿಸಿರಲಿಲ್ಲ; ಹಿಂಜರಿದದ್ದು ಶಾಸನಸಭೆ. ನಗರಗಳು ತಮ್ಮದೇ ಆದ ಕಠಿಣ ನಿಯಮಗಳನ್ನು ಮಾಡದಂತೆ 2003ರಲ್ಲಿ ಅದು ಅವುಗಳ ಕೈಕಟ್ಟಿತು.

2012ರ ಜುಲೈನಲ್ಲಿ ನಿಮ್ಮ ಆರೋರಾದ ಚಿತ್ರಮಂದಿರದಲ್ಲಿ 12 ಜನ ಕೊಲೆಯಾದರು. ಮರುವರ್ಷ ಗವರ್ನರ್ ಜಾನ್ ಹಿಕನ್‌ಲೂಪರ್ ಸಹಿ ಹಾಕಿದ ಶಾಸನಗಳು ಮ್ಯಾಗಜಿನ್‌ನಲ್ಲಿ, ಅಂದರೆ ಬಂದೂಕಿಗೆ ಸೇರಿಸುವ ಗುಂಡಿನ ಪೆಟ್ಟಿಗೆಯಲ್ಲಿ, 15 ಗುಂಡುಗಳ ಮಿತಿಯನ್ನು ವಿಧಿಸಿದವು ಮತ್ತು ಹಿನ್ನೆಲೆ ಪರಿಶೀಲನೆಯನ್ನು ಖಾಸಗಿ ಮಾರಾಟಕ್ಕೂ ವಿಸ್ತರಿಸಿದವು. ಆಗ ಎದ್ದ ಸಿಟ್ಟನ್ನು ಇಂದು ಬಂದವರಿಗೆ ವಿವರಿಸುವುದು ಕಷ್ಟ. 2013ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಅಧ್ಯಕ್ಷ ಜಾನ್ ಮೋರ್ಸ್ ಮತ್ತು ಪ್ಯುಬ್ಲೊ ಪ್ರದೇಶದ ಸೆನೆಟರ್ ಆಂಜೆಲಾ ಹಿರೋನ್ ಅವರನ್ನು ಮತದಾರರು ಅವಧಿಯ ನಡುವೆಯೇ ವಾಪಸು ಕರೆಸಿದರು. ರಾಜ್ಯದ ಇತಿಹಾಸದಲ್ಲಿ ಶಾಸಕರನ್ನು ಹೀಗೆ ಹಿಂದಕ್ಕೆ ಕರೆಸಿದ್ದು ಅದೇ ಮೊದಲು. ಆದರೂ ಆ ಶಾಸನಗಳು ರದ್ದಾಗಲಿಲ್ಲ.

ಸಂಸ್ಕೃತಿ ಎಷ್ಟು ಬದಲಾಯಿತೆಂದು ಅಳೆಯಲು ನಾನು ಈ ಘಟನೆಯ ಪಕ್ಕದಲ್ಲಿ ಇಡುವುದು 2019ನ್ನು. ಆರೋರಾದಲ್ಲಿ ಮಗನನ್ನು ಕಳೆದುಕೊಂಡ ಟಾಮ್ ಸಲಿವನ್ 2018ರಲ್ಲಿ ಶಾಸಕರಾಗಿ ಆಯ್ಕೆಯಾಗಿ, ಅಪಾಯಕಾರಿಯೆಂದು ಕಂಡುಬಂದ ವ್ಯಕ್ತಿಯ ಬಂದೂಕನ್ನು ನ್ಯಾಯಾಲಯದ ಆದೇಶದ ಮೂಲಕ ತಾತ್ಕಾಲಿಕವಾಗಿ ತೆಗೆದಿಡುವ "ರೆಡ್ ಫ್ಲ್ಯಾಗ್" ಮಸೂದೆಯನ್ನು ಮಂಡಿಸಿದವರಲ್ಲಿ ಒಬ್ಬರಾದರು. 2017ರ ಕೊನೆಯ ದಿನ ಕರ್ತವ್ಯದಲ್ಲಿದ್ದಾಗ ಗುಂಡಿಗೆ ಬಲಿಯಾದ ಪೊಲೀಸ್ ಅಧಿಕಾರಿ, ಡೆಪ್ಯುಟಿ ಜಾಕರಿ ಪ್ಯಾರಿಶ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು, ಮತ್ತು ಅವರ ಮೇಲಧಿಕಾರಿಯಾಗಿದ್ದ ಡಗ್ಲಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ರಿಪಬ್ಲಿಕನ್ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಟೋನಿ ಸ್ಪರ್ಲಾಕ್ ತಮ್ಮ ಪಕ್ಷದವರ ಕೋಪಕ್ಕೆ ಗುರಿಯಾಗಿಯೂ ಬೆಂಬಲಕ್ಕೆ ನಿಂತರು. ಸಲಿವನ್ ಅವರನ್ನು ವಾಪಸು ಕರೆಸುವ ಪ್ರಯತ್ನವೂ ಆರಂಭವಾಯಿತು, ಆದರೆ ಕೆಲವೇ ವಾರಗಳಲ್ಲಿ ಅದನ್ನು ಆರಂಭಿಸಿದವರೇ ಕೈಬಿಟ್ಟರು. ಆರು ವರ್ಷಗಳ ಹಿಂದೆ ಸೆನೆಟ್ ಅಧ್ಯಕ್ಷರನ್ನೇ ಕೆಳಗಿಳಿಸಿದ ಅಸ್ತ್ರ, ಮಗನನ್ನು ಕಳೆದುಕೊಂಡ ತಂದೆಯ ಮುಂದೆ ನಡೆಯಲಿಲ್ಲ. ಜನಸಂಖ್ಯೆ ಬೆಳೆದದ್ದು, ಡೆನ್ವರ್ ಸುತ್ತಲಿನ ಬಡಾವಣೆಗಳ ಒಲವು ಬದಲಾದದ್ದು ಎಲ್ಲವೂ ಕಾರಣಗಳೇ. ಆದರೆ ಮಕ್ಕಳನ್ನು ಕಳೆದುಕೊಂಡವರು ಶಾಸನಸಭೆಯ ಸಭಾಂಗಣದಿಂದ ಕದಲದೆ ಕುಳಿತದ್ದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

2021ರ ಮಾರ್ಚ್‌ನಲ್ಲಿ ಬೌಲ್ಡರ್‌ನ ದಿನಸಿ ಮಳಿಗೆಯಲ್ಲಿ 10 ಜನ ಸತ್ತರು. ನಗರವು ಕೆಲವು ಮಾದರಿಯ ರೈಫಲ್‌ಗಳ ಮೇಲೆ ಹೇರಿದ್ದ ನಿಷೇಧವನ್ನು ನ್ಯಾಯಾಧೀಶರು 2003ರ ಶಾಸನದ ಆಧಾರದ ಮೇಲೆ ತಡೆದು ಆಗ ಹತ್ತು ದಿನಗಳಷ್ಟೇ ಆಗಿತ್ತು. ಕೊಲೆಗಾರ ಬಂದೂಕು ಕೊಂಡದ್ದು ಬೌಲ್ಡರ್‌ನ ಹೊರಗೆ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆದ್ದರಿಂದ ಆ ನಿಷೇಧ ಉಳಿದಿದ್ದರೆ ಸಾವುಗಳು ತಪ್ಪುತ್ತಿದ್ದವೆಂದು ನಾನು ಹೇಳಲಾರೆ. ಅದೇ ವರ್ಷ ಶಾಸನಸಭೆ ನಗರಗಳ ಕೈಕಟ್ಟನ್ನು ಬಿಚ್ಚಿತು. 2023ರಲ್ಲಿ ಯಾವ ಬಂದೂಕನ್ನು ಕೊಳ್ಳಲೂ 21 ವರ್ಷ ತುಂಬಿರಬೇಕೆಂಬ ನಿಯಮವೂ, ಕೊಂಡ ಬಂದೂಕು ಕೈಸೇರಲು ಮೂರು ದಿನ ಕಾಯಬೇಕೆಂಬ ನಿಯಮವೂ ಬಂದವು.

ಪ್ರಶ್ನೆ: ವಿವರವಾದ ಉತ್ತರಕ್ಕೆ ಕೃತಜ್ಞತೆಗಳು ಮೇಡಂ. ಹಾಗಾದರೆ "ಕಾಗದದ ಮೇಲೆ ಮಾತ್ರ" ಎನ್ನುವವರ ಮಾತು ಸುಳ್ಳೇ?

ಉತ್ತರ: ಪೂರ್ತಿ ಸುಳ್ಳಲ್ಲ, ಮತ್ತು ನನ್ನನ್ನು ಹೆಚ್ಚು ಕಾಡುವುದು ಅದೇ. ಶೆರಿಫ್ ಇಲ್ಲಿ ಕೌಂಟಿಯ ಜನರಿಂದ ಚುನಾಯಿತನಾದ ಅಧಿಕಾರಿ. ಅವನಿಗೆ ಮನಸ್ಸಿಲ್ಲದಿದ್ದರೆ ಶಾಸನ ನಿದ್ರಿಸುತ್ತದೆ. ರೆಡ್ ಫ್ಲ್ಯಾಗ್ ಶಾಸನವನ್ನು 2019ರಲ್ಲಿ ಹಲವು ಕೌಂಟಿಗಳು ನಿರ್ಣಯ ಮಾಡಿಯೇ ವಿರೋಧಿಸಿದವು, ಕೊಲೊರಾಡೊ ಸ್ಪ್ರಿಂಗ್ಸ್ ಇರುವ ಎಲ್ ಪಾಸೊ ಕೌಂಟಿಯೂ ಅವುಗಳಲ್ಲಿ ಒಂದು. ಕೊಲೊರಾಡೊ ಸ್ಪ್ರಿಂಗ್ಸ್‌ನ ಕ್ಲಬ್ ಕ್ಯೂ ಎಂಬ ನೈಟ್‌ಕ್ಲಬ್‌ನಲ್ಲಿ 2022ರ ನವೆಂಬರ್‌ನಲ್ಲಿ ಐವರನ್ನು ಕೊಂದ ವ್ಯಕ್ತಿ ಹಿಂದಿನ ವರ್ಷವೇ ಬಾಂಬ್ ಬೆದರಿಕೆಯ ಪ್ರಕರಣದಲ್ಲಿ ಬಂಧನಕ್ಕೊಳಗಾಗಿದ್ದರೂ, ಯಾರೂ ಈ ಶಾಸನದಡಿ ಅರ್ಜಿ ಹಾಕಿರಲಿಲ್ಲ. ಆ ಕಾರಣಕ್ಕೇ 2023ರ ತಿದ್ದುಪಡಿಯು ಕುಟುಂಬದವರು ಮತ್ತು ಪೊಲೀಸರಿಗೆ ಇದ್ದ ಅರ್ಜಿಯ ಹಕ್ಕನ್ನು ಶಿಕ್ಷಕರಿಗೆ, ವೈದ್ಯರಿಗೆ ಮತ್ತು ಜಿಲ್ಲಾ ಸರ್ಕಾರಿ ವಕೀಲರಿಗೂ ನೀಡಿತು. ನಿಮ್ಮ ಪರಿಚಯದವರಲ್ಲಿ ಯಾರಾದರೂ ಕೊಲ್ಲುವ ಅಥವಾ ಸಾಯುವ ಮಾತಾಡಿದರೆ ಶಾಲೆಯ ಆಪ್ತಸಮಾಲೋಚಕರಿಗೆ ತಿಳಿಸಿ; ಅದು ಚಾಡಿ ಹೇಳಿದಂತಲ್ಲ.

ಪ್ರಶ್ನೆ: ನಾನು ಕೊಡಗಿನವನು, ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಕೋವಿ ಮನೆತನದ ಗೌರವವಾಗಿರುವವರಿಗೆ ಈ ಕಾನೂನುಗಳು ಅವಮಾನವಲ್ಲವೇ? ಅಲ್ಲದೆ, ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸ್ನೇಹಿತನೊಡನೆ ಗುಂಡು ಹೊಡೆಯುವ ಅಭ್ಯಾಸಕ್ಕೆ ಹೋಗಬಹುದೇ?

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಕೊಡವರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಸಂಪ್ರದಾಯಕ್ಕೆ ಕಾನೂನು ಜಾಗ ಬಿಡುವ ಒಂದು ರೀತಿ ಅದು. ಇಲ್ಲಿಯೂ ಜಾಗ ಬಿಟ್ಟಿದ್ದಾರೆ. ಮ್ಯಾಗಜಿನ್ ಕಳಚಬಹುದಾದ ಅರೆ-ಸ್ವಯಂಚಾಲಿತ ರೈಫಲ್‌ಗಳ ಮಾರಾಟವನ್ನೇ ನಿಲ್ಲಿಸಲು ಹೊರಟಿದ್ದ ಮಸೂದೆ ಚರ್ಚೆಯಲ್ಲಿ ಮೆತ್ತಗಾಗಿ, ಗವರ್ನರ್ ಜೆರೆಡ್ ಪೋಲಿಸ್ 2025ರ ಏಪ್ರಿಲ್‌ನಲ್ಲಿ ಸಹಿ ಹಾಕುವ ಹೊತ್ತಿಗೆ, ಶೆರಿಫ್‌ನಿಂದ ಅರ್ಹತಾ ಪತ್ರ ಪಡೆದು ತರಬೇತಿ ಮುಗಿಸಿದವರು ಕೊಳ್ಳಬಹುದು ಎಂಬ ರೂಪಕ್ಕೆ ಬಂದಿತ್ತು. ಬೇಟೆಯ ಶಿಕ್ಷಣ ಪಡೆದವರಿಗೆ ತರಬೇತಿಯ ಅವಧಿಯೂ ಕಡಿಮೆ. ಅದು 2026ರ ಆಗಸ್ಟ್ 1ರಿಂದ ಅನ್ವಯಿಸುವಂತೆ ರೂಪಿತವಾಗಿದೆ. ಇದರಲ್ಲಿ ನನಗೆ ಅವಮಾನ ಕಾಣುವುದಿಲ್ಲ.

ಎರಡನೆಯ ಪ್ರಶ್ನೆಗೆ ಎಚ್ಚರಿಕೆಯಿಂದ ಉತ್ತರಿಸಬೇಕು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಊರ್ಜಿತವಾಗಿರುವ ಬೇಟೆಯ ಪರವಾನಗಿ ಉಳ್ಳವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ತಗಲುವುದಿಲ್ಲ. ಅಭ್ಯಾಸದ ಮೈದಾನದಲ್ಲಿ ಸ್ನೇಹಿತನ ಕೋವಿಯನ್ನು ಅರ್ಧ ಗಂಟೆ ಹಿಡಿದದ್ದೂ "ಹೊಂದಿದ್ದು" ಎಂದು ಪರಿಗಣಿತವಾಗಬಹುದು, ಮತ್ತು ಅಂತಹ ಮೊಕದ್ದಮೆ ನಿಮ್ಮ ವೀಸಾಕ್ಕೇ ಕುತ್ತು ತಂದೀತು. ಮೊದಲು ಬೇಟೆಯ ಶಿಕ್ಷಣ ಪಡೆದು ಪರವಾನಗಿ ತೆಗೆದುಕೊಳ್ಳಿ, ಅದನ್ನು ನಿಮ್ಮ ವಲಸೆ ವಕೀಲರಿಗೆ ತೋರಿಸಿ, ಆಮೇಲೆ ಸ್ನೇಹಿತನೊಡನೆ ಹೋಗಿ.